ದೇಯಿಯ ಸುರಂಗ

"ಸುರಂಗದೊಳಗೆ ಎಂತ ಸಿಕ್ಕಿದ್ರೂ ನೀವು ಮುಟ್ಟಬೇಡಿ. ಮುಟ್ಟುವುದಾದ್ರೆ ನಮ್ಮ ಮನೆಯವರೇ ಮುಟ್ಟಲಿ," ಎಂದರು ಉಮಾವತಿ, ಹೋಟೆಲ್ ಮಾಲಿಕ ಗುಣಪಾಲನ ಅಕ್ಕ.

ಲೋಕನಾಥ ನಕ್ಕುಬಿಟ್ಟ. "ಉಮಕ್ಕ, ನಾನು ಮನೆ ಕಟ್ಟಲಿಕ್ಕೆ ಬಂದದ್ದು. ಮಾಟ ತೆಗೀಲಿಕ್ಕೆ ಅಲ್ಲ."

ಬೊಂಬಾಯಿಯಲ್ಲಿ ಕಟ್ಟಡ ವಿನ್ಯಾಸ ಕಲಿತು ಮಂಗಳೂರಿಗೆ ಮರಳಿದ ಅವನಿಗೆ ಇದು ಮೊದಲ ದೊಡ್ಡ ಕೆಲಸ. ಪಣಂಬೂರಿನ ಕಾರ್ಖಾನೆಗಳ ಹೊಗೆಯಿಂದ ದೂರ, ನದಿಯ ಮೇಲಿನ ಗುಡ್ಡದಲ್ಲಿ ಗುಣಪಾಲನಿಗೊಂದು ವಿಶ್ರಾಂತಿಧಾಮ ಬೇಕಿತ್ತು. ಕರೆಂಟು ಬೇಡ, ಪಂಪು ಬೇಡ. ಲೋಕನಾಥ ಒಂದು ಮರವನ್ನೂ ಕಡಿಯದೆ, ಇಳಿಜಾರಿಗೆ ಒರಗಿದಂತೆ ಮುರಕಲ್ಲಿನ ಗೋಡೆಗಳನ್ನು ಎಬ್ಬಿಸಿದ. ಕಡಲ ಗಾಳಿಗೆ ಜಗಲಿ ತೆರೆದ. ನೀರಿಗೆ ಮಾತ್ರ ಗುಡ್ಡದ ಹೊಟ್ಟೆಗೆ ಅಡ್ಡಲಾಗಿ ಕೊರೆದ ಹಳೆಯ ಸುರಂಗವೇ ಗತಿ. ಅದು ಬತ್ತಿತ್ತು.

ಅದನ್ನು ತೋಡಿಸಿದ್ದು ಗೇಣಿಗೆ ಬೇಸಾಯ ಮಾಡುತ್ತಿದ್ದ ದೇಯಿ. ಏಳೆಂಟು ವರ್ಷದ ಹಿಂದೆ ಭೂಸುಧಾರಣೆಯ ಸುದ್ದಿ ಬಂದದ್ದೇ ಗುಣಪಾಲನ ತಂದೆ ಅವಳನ್ನು ಗುಡ್ಡದಿಂದ ಓಡಿಸಿದ್ದರು. ಅವಳು ಮಾಟ ಮಾಡಿಸಿ ಹೋದಳೆಂದು ಊರಲ್ಲಿ ಮಾತಿತ್ತು. ಅದೇ ವರ್ಷ ಗುಣಪಾಲನ ಮಗಳು ಕುಶಲಾಳ ಮಾತು ನಿಂತುಹೋಗಿತ್ತು.

ಕೆಲಸದವರು ಒಳಗೆ ಕಾಲಿಡಲಿಲ್ಲ. ಲೋಕನಾಥನೇ ಟಾರ್ಚು ಹಿಡಿದು ನುಗ್ಗಿದ. ಬಾವಲಿ ಹಿಕ್ಕೆಯ ಘಾಟು. ಕೊರಳಿಗೆ ಸುತ್ತಿಕೊಳ್ಳುವ ಹಸಿ ಜೇಡಿಮಣ್ಣಿನ ಥಂಡಿ. ಎಲ್ಲೋ ಯಾರೋ ಉಗುಳು ನುಂಗಿದಂಥ ಸದ್ದು. ತುದಿಯಲ್ಲಿ, ಒರತೆಯ ಬಾಯಿಗೆ ತುರುಕಿದ್ದ ತೆಂಗಿನಕಾಯಿ. ಮೈತುಂಬ ಮೊಳೆ. ಹೆಣ್ಣಿನ ಉದ್ದ ಕೂದಲು ಬಿಗಿಯಾಗಿ ಸುತ್ತಿತ್ತು.

"ಇಷ್ಟೇಯಾ?" ಎಂದು ನಕ್ಕು ಕಿತ್ತ.

ಟಾರ್ಚು ಆರಿತು. ಕೂದಲು ಮಣಿಕಟ್ಟಿಗೆ ಸುತ್ತಿತು. ಕೊಡವಿದ. ಬಿಡಲಿಲ್ಲ. ತೋಳಿಗೆ ಹರಿಯಿತು. ತುಟಿಗೆ ಬಂತು. ಗಂಟಲಿಗೆ ಇಳಿಯಿತು. ಕೂಗಿದ. ಸದ್ದಿಲ್ಲ. ತೆವಳಿದ. ಉಸಿರಿಲ್ಲ. ಹಿಂದಿನಿಂದ ನೀರು ಭೋರ್ಗರೆದು ಬಂದು ಅವನನ್ನು ಹೊರಗೆಸೆಯಿತು.

ಕಂಕನಾಡಿಯ ಆಸ್ಪತ್ರೆಯಲ್ಲಿ ವೈದ್ಯರು ಗಂಟಲಿಗೆ ಬೆಳಕು ಬಿಟ್ಟು ನೋಡಿ, ಏನೂ ಇಲ್ಲ ಎಂದರು. ಮಾತೂ ಇರಲಿಲ್ಲ.

ಮರುದಿನ ಗುಣಪಾಲ ಹಣ್ಣು ಹಿಡಿದು ಬಂದ. ಜೊತೆಗೆ ಕುಶಲಾ.

"ನೋವುಂಟಾ ಅಂಕಲ್?" ಎಂದಳು ಅವಳು, ಸ್ಪಷ್ಟವಾಗಿ.

ಗುಣಪಾಲ ಅವಳನ್ನು ಹೊರಗೆ ಕಳಿಸಿ ಬಾಗಿಲು ಮುಚ್ಚಿದ. "ಮಾಟ ಕಿತ್ತವನಿಗೆ ದಾಟ್ತದೆ ಅಂತ ಮಂತ್ರವಾದಿ ಹೇಳಿದ್ದ ಮಾರಾಯ. ನಂಬುವವರು ಯಾರೂ ಮುಟ್ಟುದಿಲ್ಲ. ನಂಬದವನೊಬ್ಬ ಬೇಕಿತ್ತು."

ಲೋಕನಾಥ ಎದ್ದು ಅವನ ಕಾಲರು ಹಿಡಿದ. ಬಾಯಿ ತೆರೆದ. ಬರೀ ಗಾಳಿ ಹೊರಟಿತು.

ಬಾಗಿಲಾಚೆ ಕುಶಲಾ ನರ್ಸಿನೊಡನೆ ಮಾತಾಡುತ್ತಿದ್ದಳು. ಕಿಟಕಿಯ ಕಾಗೆ, ರಸ್ತೆಯ ಬಸ್ಸು, ತನ್ನ ಹೊಸ ಚಪ್ಪಲಿ, ಕಂಡದ್ದನ್ನೆಲ್ಲ ಹೇಳುತ್ತಿದ್ದಳು. ಇಷ್ಟು ವರ್ಷದ್ದೆಲ್ಲ ಒಟ್ಟಿಗೆ.

ಕೇಳುತ್ತ ಕೇಳುತ್ತ ಲೋಕನಾಥನ ಬೆರಳುಗಳು ಸಡಿಲಾದವು.