ಯಾವ ‘ನಾವು’?

“ಮೇಡಂ, ಕುವೈಟ್‌ಗೆ ವೀಸಾ ಉಂಟಾ?”

ಪಾಸ್‌ಪೋರ್ಟ್ ಹಿಡಿದು ಬಾಗಿಲಲ್ಲಿ ನಿಂತ ಶಿರ್ವದ ಜೋವಿನ್‌ನನ್ನು ಕಂಡು ಶರ್ಮಿಳಾಳ ಪಿತ್ತ ನೆತ್ತಿಗೇರಿತು. ಬೆಳಗ್ಗಿನಿಂದ ಬಂದವರೆಲ್ಲರದೂ ಇದೇ ಪ್ರಶ್ನೆ!

“ಇದು ಏಜೆನ್ಸಿ ಅಲ್ಲ ಮಾರಾಯ್ರೆ, ಪತ್ರಿಕೆ! ವಿದೇಶ ನೀತಿಯ ಪತ್ರಿಕೆ!”

“ಹಾಗಾದ್ರೆ ಬೋರ್ಡಿನಲ್ಲಿ ‘ವಿದೇಶ’ ಅಂತ ಅಷ್ಟು ದೊಡ್ಡದಾಗಿ ಎಂತಕ್ಕೆ ಬರೆಸಿದ್ದು?”

ಅವಳಿಗೆ ನಗು ತಡೆಯಲಾಗಲಿಲ್ಲ. ಅಲ್ಲಿಗೆ ಕೆಟ್ಟಿತು ನೋಡಿ!

ಮಣಿಪಾಲದ ಉಪನ್ಯಾಸಕಿ ಕೆಲಸ ಬಿಟ್ಟು, ಕಟಪಾಡಿ ಪೇಟೆಯ ಮಾಳಿಗೆಯೊಂದರಲ್ಲಿ ಅವಳು ‘ಆಚೆ ದಡ’ ಪತ್ರಿಕೆ ಶುರು ಮಾಡಿದ್ದಳು. ದೂರದಲ್ಲಿ ಎರಡು ದೇಶ ಕಚ್ಚಾಡಿದರೆ ಯಾಕೆಂದು ಇಲ್ಲಿ ಗಲ್ಫ್‌ನ ಮಕ್ಕಳ ಕರೆಗೆ ಫೋನ್ ಹಿಡಿದು ಕೂರುವ ಅಮ್ಮಂದಿರಿಗೂ ಅರ್ಥವಾಗಬೇಕು ಎಂಬ ಹಟ ಅವಳದು. ವೀಸಾ ಕೇಳಲು ಬಂದವನು ಗಲ್ಫ್ ಸುದ್ದಿ ಬರೆಯಲು ಅಲ್ಲೇ ಕೂತ.

ಅವನ ಮೊದಲ ಲೇಖನಕ್ಕೇ ಕೆಂಪು ಪೆನ್ನು ಬಿತ್ತು.

“‘ನಾವು ಒಪ್ಪಂದ ಮಾಡಿಕೊಂಡೆವು’... ಯಾವ ನಾವು? ಸರ್ಕಾರವಾ, ನೀವು-ನಾನಾ? ತುಳುವಿನಲ್ಲಿ ‘ನಮ’ ಅಂದ್ರೆ ಕೇಳುವವರೂ ಸೇರಿ, ‘ಎಂಕುಲು’ ಅಂದ್ರೆ ಅವರನ್ನು ಬಿಟ್ಟು. ಕನ್ನಡದ ‘ನಾವು’ ಎರಡಕ್ಕೂ ಆಗ್ತದೆ. ನನ್ನ ಪತ್ರಿಕೆಯಲ್ಲಿ ಆ ಪದ ಬೇಡ!”

ಪತ್ರಿಕೆಗೆ ಹೆಸರು ಬಂತು, ಓದುಗರು ಬರಲಿಲ್ಲ. ಮುಚ್ಚುವ ಮಾತು ಶುರುವಾದ ದಿನ ಜೋವಿನ್ ತಲೆ ತಗ್ಗಿಸಿ ಹೇಳಿದ್ದ, “ಕುವೈಟ್‌ನಲ್ಲಿ ಕೆಲಸ ಸಿಕ್ಕಿತು. ಮದುವೆಯಾಗಿ ನಾವು ಅಲ್ಲೇ ಇರುವುದು ಅಂತ...”

ನಾವು! ಅಂದರೆ ಹುಡುಗಿ ನೋಡಿ ಆಗಿದೆ... ಅವಳು ಕೆಂಪು ಪೆನ್ನಿನ ಮುಚ್ಚಳ ಹಾಕಿದಳು.

“ಶುಭವಾಗಲಿ,” ಎಂದವಳು ಅವನ ಮುಖ ನೋಡಲಿಲ್ಲ. ಎಲ್ಲರಿಗೂ ‘ಯಾವ ನಾವು’ ಎಂದು ಕೇಳುವವಳು ಅಂದು ಮಾತ್ರ ಕೇಳಲಿಲ್ಲ!

ಕೊನೆಯ ಸಂಚಿಕೆ ಅಚ್ಚಾಗಿ ಬಂದ ಬೆಳಿಗ್ಗೆ ಅವನು ಮತ್ತೆ ಅದೇ ಬಾಗಿಲಲ್ಲಿ ನಿಂತ, ಹೆಗಲಲ್ಲಿ ಬ್ಯಾಗು. ಏರ್‌ಪೋರ್ಟಿಗೆ ಹೋಗುವ ಕಾರು ಕೆಳಗೆ ಹಾರ್ನ್ ಹಾಕುತ್ತಿತ್ತು.

“ಹೆಂಡತಿ ಕೆಳಗೆ ಇದ್ದಾರಾ?”

“ಯಾರ ಹೆಂಡತಿ?”

“ಮದುವೆಯಾಗಿ ನಾವು ಅಂದಿದ್ರಿ ಅಲ್ವಾ...”

ಜೋವಿನ್ ಬ್ಯಾಗು ಇಳಿಸಿ ಕೂತ. “ಅಯ್ಯೋ ದೇವರೇ... ನೀವು ಮತ್ತು ನಾನು ಅಂತ ಹೇಳಿದ್ದು! ನೀವು ‘ಶುಭವಾಗಲಿ’ ಅಂದ್ರಿ, ನಾನು ಬೇಡ ಅಂತಾಯ್ತು ಅಂದುಕೊಂಡೆ. ಫ್ಯಾಮಿಲಿ ವೀಸಾ ಕೊಡುವ ಆ ಕೆಲಸವನ್ನೇ ಬಿಟ್ಟೆ. ಈಗ ಸಿಕ್ಕಿದ ಕೆಲಸದಲ್ಲಿ ವೀಸಾ ಒಬ್ಬನಿಗೆ ಮಾತ್ರ... ಸಹಿಯೂ ಹಾಕಿ ಆಯ್ತು. ಊರಿಗೆ ಯಾವಾಗ ಬಿಡ್ತಾರೋ ಗೊತ್ತಿಲ್ಲ.”

ಹೋಗಬೇಡಿ ಅನ್ನಲೇ? ಯಾವ ಬಾಯಲ್ಲಿ ಅನ್ನುವುದು! ಇಲ್ಲಿ ಅವನಿಗೆ ಕೆಲಸ ಕೊಡಲು ಅವಳ ಬಳಿ ಪತ್ರಿಕೆಯೂ ಇಲ್ಲ.

ಹಾರ್ನ್ ಮತ್ತೆ ಕೂಗಿತು. ಅವನು ಎದ್ದ. ಅವಳು ಅವನ ತೋಳು ಹಿಡಿದಳು.

“ಜೋವಿನ್, ಅವತ್ತಿನ ಆ ಪದ ಇನ್ನೊಮ್ಮೆ ಹೇಳಿ. ಸರಿಯಾಗಿ ಹೇಳಿ...”

“ನಮ, ಶರ್ಮಿಳಾ.”

“ಹ್ಞೂಂ... ನಮ,” ಎಂದಳು ಅವಳು, ಅಳುತ್ತಲೇ ಅವನ ತೋಳು ಬಿಡುತ್ತ.