ಹಾಲುಬಣ್ಣದ ಸೋಫಾ ಮೇಲಿನ ಕೈ

"ಕಲೆ ಹೋದ್ರೆ ಸಾಕು. ಬೇರೇನೂ ಕೇಳ್ಬೇಡಿ!"

ಮೊದಲ ಶನಿವಾರವೇ ಅವನು ಹಾಗೆಂದಿದ್ದ. ಮಟಮಟ ಮಧ್ಯಾಹ್ನ, ಆದರೂ ಮನೆಯ ಪರದೆಗಳೆಲ್ಲ ಮುಚ್ಚಿದ್ದವು. ಹಾಲುಬಣ್ಣದ ಸೋಫಾ ಮೇಲೆ ಕೆಂಗಂದು ಬಣ್ಣದ ಅಂಗೈ ಗುರುತು... ಬೆರಳು ಎಣಿಸುವ ಹಾಗಿತ್ತು.

ರಕ್ತ! ಸೋಫಾ ತೊಳೆಯಲು ಬಂದವಳು ಮೆಲ್ಲನೆ ಬಗ್ಗಿದಳು. ಮೂಸಿ ನೋಡಿದಳು. ಅಲ್ಲ, ಬೂಟಿನ ಪಾಲಿಶ್.

"ಮನೇಲಿ ಯಾರ್ಯಾರಿದ್ದೀರಿ?"

"ನಾನೊಬ್ನೇ."

ಹೊರಡುವಾಗ ಅವಳ ಭಾರದ ಯಂತ್ರವನ್ನು ಅವನೇ ಹೊತ್ತು ಕೆಳಗಿಳಿಸಿಕೊಟ್ಟ. ಆ ಮೆದು ಕಣ್ಣುಗಳಿಗೆ ಅವಳ ಪೆದ್ದು ಮನಸ್ಸು ಅಂದೇ ಸೋತುಬಿಟ್ಟಿತ್ತು!

ಮುಂದಿನ ಶನಿವಾರ ಮತ್ತೆ ಫೋನು. ಅದೇ ಜಾಗ, ಅದೇ ಕೈ. ಮೂರನೆಯ ಶನಿವಾರವೂ ಅಷ್ಟೇ.

ಒಳಗಿನ ಸ್ಪಂಜಿಗೆ ಇಳಿದ ಕಲೆ ಒಣಗುತ್ತಾ ಮೇಲೇರುವುದುಂಟು. ತನ್ನ ಕೆಲಸವೇ ಕೆಟ್ಟಿತೇನೋ ಎಂದು ಅವಳು ಸೋಫಾ ಹೊದಿಕೆಯ ಜಿಪ್ ಎಳೆದು ನೋಡಿದಳು.

ಸ್ಪಂಜು ಬೆಳ್ಳಗಿತ್ತು.

ಅಂದರೆ... ವಾರವಾರವೂ ಯಾರೋ ಹೊಸದಾಗಿ ಕೈ ಒತ್ತುತ್ತಿದ್ದಾರೆ! ಗುರುತಿನ ಮೇಲೆ ತನ್ನ ಅಂಗೈ ಇಟ್ಟಳು. ಸರಿಯಾಗಿ ಹೊಂದಿತು. ಹೆಣ್ಣಿನ ಕೈ!

ಒಳಕೋಣೆಯಿಂದ ಉಜ್ಜುವ ಸದ್ದು. ಸರ್... ಸರ್... ಬಾಗಿಲಿಗೆ ಹೊರಗಿನಿಂದ ಚಿಲಕ ಹಾಕಿತ್ತು.

ಯಾರನ್ನು ಕೂಡಿಹಾಕಿದ್ದಾನೆ? ಹೆಂಡತಿಯನ್ನೇ? ಇಂಥವನಿಗೆ ಮನಸ್ಸು ಕೊಟ್ಟೆನೇ ನಾನು! ಓಡಿಹೋಗಬೇಕೆನಿಸಿದರೂ ಚಿಲಕ ತೆಗೆದಳು.

"ಬೇಡ!" ಹಿಂದಿನಿಂದ ಅವನು ಕೂಗಿದ.

ಮಂಚದಂಚಿನಲ್ಲಿ ಕೂತ ವಯಸ್ಸಾದ ಹೆಂಗಸೊಬ್ಬರು ಗಂಡಸಿನ ಬೂಟಿಗೆ ಬ್ರಷ್ ಉಜ್ಜುತ್ತಿದ್ದರು.

"ಬಾ ಮಗಳೇ. ಇವ್ರು ಬರೋ ಹೊತ್ತಾಯ್ತು. ಬೂಟು ಫಳಫಳ ಅನ್ಬೇಕು ಅವ್ರಿಗೆ."

"ನಮ್ಮಮ್ಮ. ಅಪ್ಪ ತೀರ್ಕೊಂಡು ಆರು ವರ್ಷ ಆಯ್ತು, ಇವ್ರಿಗೆ ನೆನಪಿಲ್ಲ," ಅವನೆಂದ. "ಅಪ್ಪ ಊರಿಂದ ಬರ್ತಿದ್ದದ್ದು ಶನಿವಾರ. ಇವತ್ತಿಗೂ ಆ ದಿನ ಸೋಫಾದಲ್ಲಿ ಕೂತು ಕಾಯ್ತಾರೆ. ಏಳುವಾಗ ಕೈ ಊರ್ತಾರೆ."

"ಒಬ್ನೇ ಅಂದ್ರಿ. ಚಿಲಕ ಬೇರೆ!"

"ನಿಮ್ಮ ಯಂತ್ರದ ಸದ್ದಿಗೆ ಹೆದರಿ ಬೀದಿಗೆ ಓಡ್ತಾರೆ ಅಂತ..."

"ಕಲೆ ಇದ್ದಲ್ಲಿ ಮಾತ್ರ ಒರೆಸಿದ್ರೆ ಸುತ್ತ ಗೆರೆ ಉಳ್ಕೊಳ್ಳುತ್ತೆ. ಹೊಲಿಗೆಯಿಂದ ಹೊಲಿಗೆವರೆಗೂ ಒರೆಸ್ಬೇಕು. ಮಾತೂ ಹಾಗೇ, ಅರ್ಧ ಹೇಳ್ಬೇಡಿ!"

"ಮನೆ, ಸೋಫಾ ಎಲ್ಲಾ ಅಕ್ಕಂದು. ಪ್ರತಿ ಭಾನುವಾರ ಬಂದು ನೋಡ್ತಾಳೆ. ಇನ್ನೊಂದು ಕಲೆ ಕಂಡ್ರೆ ಅಮ್ಮನ್ನ ವೃದ್ಧಾಶ್ರಮಕ್ಕೆ ಸೇರಿಸ್ತಾಳಂತೆ. ನೀವೆಲ್ಲಿ ಅವಳಿಗೆ ಹೇಳಿಬಿಡ್ತೀರೋ ಅಂತ ಭಯ."

ಅವಳು ಆ ಸುಕ್ಕುಗಟ್ಟಿದ ಕೈಗಳನ್ನು ಹಿಡಿದು, ಒದ್ದೆ ಬಟ್ಟೆಯಿಂದ ಬೆರಳುಬೆರಳೂ ಒರೆಸಿದಳು. ಪಾಲಿಶ್ ಅವಳ ಅಂಗೈಗೆ ಹತ್ತಿತು.

ಅಷ್ಟರಲ್ಲಿ ಮುಂಬಾಗಿಲ ಬೀಗ ತಿರುಗಿತು... ಅಕ್ಕ! ಒಂದು ದಿನ ಮೊದಲೇ!

"ಏನಿದು ಸೋಫಾ ಮೇಲೆ?"

"ನನ್ನ ಕೈ ತಾಗ್ತು ಮೇಡಂ." ಅವಳು ಹೊರಬಂದು ಅಂಗೈಯನ್ನು ಗುರುತಿನ ಮೇಲಿಟ್ಟು ತೋರಿಸಿದಳು.

ಅಕ್ಕ ಒಳಗೆ ಹೋಗಿ ಅಮ್ಮನ ಕೈಗಳನ್ನು ತಿರುಗಿಸಿ ನೋಡಿದಳು. ಶುಭ್ರವಾಗಿದ್ದವು.

"ನಿಮ್ಮ ಕಂಪನಿಗೆ ದೂರು ಕೊಡ್ತೀನಿ! ಕೆಲಸ ಹೋಗುತ್ತೆ ನಿಮ್ದು."

"ಕೊಡಿ ಮೇಡಂ."

ಅಕ್ಕ ಹೋದ ರಭಸಕ್ಕೆ ಬಾಗಿಲು ಧಡಾರನೆ ಮುಚ್ಚಿತು.

"ನಿಜವಾಗ್ಲೂ ಕೆಲ್ಸ ಹೋದ್ರೆ?" ಅವನ ಕಣ್ಣು ತುಂಬಿತ್ತು.

"ಬೇರೆ ಸಿಗುತ್ತೆ. ಅಮ್ಮ ಸಿಗಲ್ಲ."

ಒಳಗೆ ಬ್ರಷ್ಷಿನ ಸದ್ದು ಮತ್ತೆ ಶುರುವಾಯಿತು. ಸರ್... ಸರ್...

"ಇನ್ನೊಂದು ಮಾತು ಹೇಳಿಲ್ಲ. ಮೊದಲ ಶನಿವಾರದಿಂದ..."

"ಅರ್ಧ ಹೇಳ್ಬೇಡಿ ಅಂದೆನಲ್ಲ!"

"ನೀವಂದ್ರೆ ನಂಗೆ ಪ್ರಾಣ. ಕಲೆ ಇಲ್ದಿದ್ರೂ ಬರ್ತೀರಾ?"

ಅವಳು ಅವನ ಕೈ ಹಿಡಿದಳು. "ನೋಡಿ, ನಿಮ್ಗೂ ಪಾಲಿಶ್ ಮೆತ್ಕೊಳ್ತು. ಬಟ್ಟೆ ತರ್ತೀನಿ ಇರಿ."

"ಬೇಡ," ಅವನು ಕೈ ಬಿಡಲಿಲ್ಲ. "ಇದನ್ನ ಮಾತ್ರ ತೊಳೀಬೇಡಿ."