ಎರಡು ಗಂಟೆ ನಿಂತರೆ ಸಾಕು

ಏಣಿ ಹೋಯಿತು.

ನಾನು ಇಪ್ಪತ್ತು ಅಡಿ ಮೇಲೆ, ಒಂದು ತೊಲೆಯ ಮೇಲೆ ಕವುಚಿ ಮಲಗಿದ್ದೆ. ಕೈಯಲ್ಲಿ ಸಣ್ಣ ಚಾಕು. ಕೆಳಗೆ ಏಣಿ ಎಳೆದುಕೊಂಡು ನಿಂತವನು ಕಂಟ್ರಾಕ್ಟರ್ ಉದಯಶಂಕರ.

"ಹಾರಿಸ್, ಅಲ್ಲಿ ಎಂತ ಹುಡುಕುದು?"

"ಮರ."

"ಸಿಕ್ಕಿತಾ?"

ಸಿಕ್ಕಿತ್ತು, ವಕೀಲರೆ. ಅದೇ ತೊಂದರೆ.

ಅದು ನಮ್ಮ ಬಾಳೆಗುಂಡಿಯ ಹಳೇ ರೈಸ್ ಮಿಲ್. ತೊಂಬತ್ತು ವರ್ಷದ್ದು. ಜಾಲ್ಸೂರಿನಿಂದ ಈಚೆಯ ಭತ್ತವೆಲ್ಲ ಒಂದು ಕಾಲದಲ್ಲಿ ಅಲ್ಲೇ ಅಕ್ಕಿಯಾಗುತ್ತಿತ್ತು. ಗದ್ದೆಗಳು ಹೋದವು, ಮಿಲ್ ನಿಂತಿತು. ಪಂಚಾಯತ್ ಅದನ್ನು ಕೆಡವಲಿಲ್ಲ. ಹಳೇ ರೂಪದಲ್ಲೇ ಉಳಿಸಿ ಒಳಗೆ ಲೈಬ್ರರಿ ಮಾಡುವುದು, ಹೆಂಗಸರ ಸಂಘಕ್ಕೆ ಮಳಿಗೆ ಕೊಡುವುದು ಅಂತ ತೀರ್ಮಾನಿಸಿತು. ಅದಕ್ಕಾಗಿ ಹತ್ತು ವರ್ಷ ಅರ್ಜಿ ಹಿಡಿದು ಅಲೆದವರು ಚನಿಯಪ್ಪಣ್ಣ. ಮಿಲ್ಲಿನ ಎಂಜಿನ್ ನೋಡಿಕೊಳ್ಳುತ್ತಿದ್ದವರು.

ಒಂಬತ್ತು ದಿನದ ಹಿಂದೆ ಅವರು ಅದೇ ಮಿಲ್ಲಿನ ಹಂಚಿನ ಮಾಡಿನಿಂದ ಬಿದ್ದು ಸತ್ತರು. ಕುಡಿದು ಕಾಲು ಜಾರಿದ್ದು ಅಂದ, ರಿಪೇರಿ ಕೆಲಸ ವಹಿಸಿಕೊಂಡಿದ್ದ ಉದಯಶಂಕರ.

ಅವರ ಮಗಳು ಮೋಕ್ಷಿತಾ ನನ್ನ ಮನೆಗೆ ಬಂದಳು. ನಾನು ಇಪ್ಪತ್ತು ವರ್ಷ ಟಿಂಬರ್ ಡಿಪೋದಲ್ಲಿದ್ದವನು. ಈಗ ಬೇರೆಯವರು ಮುಟ್ಟದ ಕೆಲಸ ಮಾಡಿಕೊಡುತ್ತೇನೆ.

"ಅಪ್ಪ ಕುಡಿಯುದಿಲ್ಲ ಹಾರಿಸಣ್ಣ. ತೊಲೆ ಬದಲಾಯ್ಸಿದ್ದಾರೆ ಅಂತ ಹೇಳ್ತಿದ್ರು. ಅದನ್ನೇ ನೋಡ್ಲಿಕ್ಕೆ ಹತ್ತಿದ್ದು."

ಹಾಗೆ ನಾನೂ ಹತ್ತಿದೆ. ಚಾಕುವಿನಿಂದ ಕೆರೆದೆ. ಮೇಲೆ ಬಳಿದದ್ದು ಕರಿ ಆಯಿಲ್. ಒಳಗೆ ಬೆಣ್ಣೆಯ ಬಣ್ಣ.

ರಬ್ಬರ್ ಮರ!

ಕಲ್ಲಿನಂಥ ಕಿರಾಲ್‌ಬೋಗಿ ಮರ ಇದ್ದ ಜಾಗದಲ್ಲಿ ಪ್ಯಾಕಿಂಗ್ ಪೆಟ್ಟಿಗೆಯ ಮರ. ಕುಟ್ಟೆ ಹುಳ ಆಗಲೇ ಹಿಟ್ಟು ಉದುರಿಸುತ್ತಿತ್ತು. ಅದರ ಮೇಲೆ ಸಾವಿರಾರು ಹಂಚು. ಅದರ ಕೆಳಗೆ ಮರುದಿನ ಬೆಳಿಗ್ಗೆ ಹತ್ತು ಗಂಟೆಗೆ ಉದ್ಘಾಟನೆ. ಮುನ್ನೂರು ಕುರ್ಚಿ.

"ಹಳೇ ತೊಲೆ ಎಲ್ಲಿ?" ಅಂತ ಮೇಲಿನಿಂದಲೇ ಕೇಳಿದೆ.

"ಗಡಿ ದಾಟಿ ಆಯ್ತು. ಯಾವುದೋ ರೆಸಾರ್ಟಲ್ಲಿ ಪಾಲಿಶ್ ಹೊಡ್ದು ನಿಲ್ಸಿದ್ದಾರೆ. ಲಾಯ್ಕ ಕಾಣ್ತದೆ."

"ಚನಿಯಪ್ಪಣ್ಣನೂ ಇದನ್ನೇ ಕೇಳಿದ್ದಾ?"

"ಹೌದು. ಅವ್ರೂ ನೀನು ಇದ್ದಲ್ಲೇ ಇದ್ದದ್ದು."

ಅವನು ಉದ್ದದ ಬಿದಿರು ಎತ್ತಿದ. ನನ್ನ ಪಕ್ಕೆಗೆ ತಿವಿದ.

ಹೀಗೆ ಬೀಳಿಸಿದ್ದು ಅಂತ ಆಗ ಗೊತ್ತಾಯಿತು...

ಉರುಳಿದೆ. ಎರಡು ಕೈಯಲ್ಲಿ ತೊಲೆಗೆ ಜೋತುಬಿದ್ದೆ. ತೊಲೆ ಲಟಕ್ಕೆಂದು ಬಿರಿಯಿತು. ಪಕ್ಕದಲ್ಲಿ ಹಳೇ ಮೆಷಿನ್ನಿನ ಬೆಲ್ಟ್ ನೇತಾಡುತ್ತಿತ್ತು. ಹಾರಿ ಹಿಡಿದೆ. ಜಾರಿ ನೆಲಕ್ಕೆ ಬರುವಷ್ಟರಲ್ಲಿ ಅಂಗೈಗಳ ಚರ್ಮ ಸುಲಿದುಹೋಗಿತ್ತು. ಹಿಂಬಾಗಿಲಿನಿಂದ ಓಡಿದೆ. ಬೈಕ್ ಏರಿದೆ. ಅವನ ಪಿಕಪ್ ಜಾಲ್ಸೂರಿನವರೆಗೂ ಬೆನ್ನು ಹತ್ತಿತು. ಕಾಸರಗೋಡು ಬಸ್ಸು ಅಡ್ಡ ತಿರುಗಿತು, ನಾನು ಉಳಿದೆ.

ನೇರ ಪಂಚಾಯತ್ ಅಧ್ಯಕ್ಷೆಯ ಮನೆಗೆ ಹೋದೆ.

"ಭವಿತಕ್ಕ, ಮಾಡು ಬೀಳ್ತದೆ. ನಾಳೆ ಕಾರ್ಯಕ್ರಮ ನಿಲ್ಲಿಸಿ."

ಅವರು ನನ್ನ ಕೈಯ ರಕ್ತ ನೋಡಿದರು. ಬಾಗಿಲು ಅರ್ಧ ಮುಚ್ಚಿದರು.

"ಮಿನಿಸ್ಟ್ರು ಬರ್ತಾರೆ ಮಾರಾಯ. ಕಾರ್ಡ್ ಹಂಚಿ ಆಗಿದೆ. ಎರಡು ಗಂಟೆ ನಿಂತರೆ ಸಾಕು. ಆಮೇಲೆ ರಿಪೇರಿ ಮಾಡ್ಸುವ."

ಸ್ಟೇಷನ್‌ಗೆ ಫೋನ್ ಮಾಡಿದೆ. ನಾಳೆ ಬಂದೋಬಸ್ತ್ ಉಂಟು, ನಾಡಿದ್ದು ಬನ್ನಿ ಅಂದರು.

ಬೆಳಿಗ್ಗೆ ಆರೂವರೆಗೆ ಮೋಕ್ಷಿತಾಳ ಜೊತೆ ಅವಳ ಅಪ್ಪನ ಜೀಪಿನಲ್ಲಿ ಮಿಲ್ಲಿಗೆ ಹೋದೆ. ಒಳಗೆ ಯಾರೂ ಇರಲಿಲ್ಲ. ಬಿರಿದ ತೊಲೆ ಬೀಳದ ಹಾಗೆ ಕೆಳಗಿನಿಂದ ಒಂದು ಅಡಿಕೆ ಮರದ ಕಂಬ ಊರೆ ಕೊಟ್ಟಿದ್ದರು. ಊರೆಗೆ ಕೆಂಪು ಬಟ್ಟೆ, ಅದರ ಮೇಲೆ ಸೇವಂತಿಗೆ ಮಾಲೆ.

ಊರೆಯ ಬುಡಕ್ಕೆ ಹಗ್ಗ ಬಿಗಿದೆ. ಇನ್ನೊಂದು ತುದಿ ಜೀಪಿಗೆ. ಬ್ಯಾಂಡೇಜ್ ಕಟ್ಟಿದ ಕೈಯಲ್ಲಿ ಸ್ಟಿಯರಿಂಗ್ ಹಿಡಿಯಲಾಗಲಿಲ್ಲ.

"ಇಳಿಯಿರಿ ಹಾರಿಸಣ್ಣ. ನಾನು ಬಿಡ್ತೇನೆ."

"ಇದನ್ನು ಉಳಿಸ್ಲಿಕ್ಕೆ ನಿನ್ನ ಅಪ್ಪ ಹತ್ತು ವರ್ಷ ಅಲೆದಿದ್ದಾರೆ."

"ಗೊತ್ತುಂಟು."

ಅವಳು ಗೇರ್ ಹಾಕಿದಳು. ಹಿಂದೆ ತಿರುಗಿ ನೋಡಲಿಲ್ಲ.

ಮಾಡು ಒಂದೇ ಸಲಕ್ಕೆ ಬಿತ್ತು. ಮುನ್ನೂರು ಕುರ್ಚಿಗಳ ಮೇಲೆ. ಧೂಳು ಇಳಿಯಿತು. ಆಮೇಲೆ ಅವಳು ಸ್ಟಿಯರಿಂಗ್ ಮೇಲೆ ತಲೆಯಿಟ್ಟು ಅತ್ತಳು. ಅಪ್ಪ ಸತ್ತ ದಿನವೂ ಅತ್ತಿರದ ಹುಡುಗಿ.

ಅವಳನ್ನು ಮನೆಗೆ ಕಳಿಸಿದೆ. ನಾನು ಅಲ್ಲೇ ನಿಂತೆ.

ಜನ ಬಂದರು. ಮುರಿದ ಮರದ ಬಿಳಿ ಒಳಮೈ ಮುಟ್ಟಿ ನೋಡಿದರು. ಯಾರೂ ನನ್ನನ್ನು ಬೈಯಲಿಲ್ಲ. ಭವಿತಕ್ಕ ಕುಸಿದು ಕೂತರು. ಉದಯಶಂಕರನ ಪಿಕಪ್ ಅಷ್ಟರಲ್ಲಿ ಗಡಿ ದಾಟಿತ್ತು.

ಈಗ ಬರೆದುಕೊಳ್ಳಿ, ವಕೀಲರೆ. ಜೀಪ್ ಓಡಿಸಿದ್ದು ಹಾರಿಸ್. ಮೋಕ್ಷಿತಾ ಅಲ್ಲಿ ಇರಲೇ ಇಲ್ಲ.

ಮಿಲ್ ಬಿದ್ದ ಅರ್ಧ ಗಂಟೆಗೆ ನನ್ನ ಮೇಲೆ ಎಫ್‌ಐಆರ್ ಆಯಿತು. ಚನಿಯಪ್ಪಣ್ಣ ಬಿದ್ದ ಕೇಸಿನ ಫೈಲನ್ನು ಪೊಲೀಸರು ಇನ್ನೂ ಹುಡುಕುತ್ತಿದ್ದಾರೆ.